ಹೊರಗುತ್ತಿಗೆ ಕೆಲಸ ಹೋದ ಮೇಲೆ

ಪ್ರಶ್ನೆ: ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ಹೊರಗುತ್ತಿಗೆಯಲ್ಲಿ ದುಡಿದವರನ್ನು ಹಠಾತ್ತನೆ ಬಿಡಿಸಿದರೆ ಕಾನೂನು ಕೈಹಿಡಿಯುತ್ತದೆಯೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಸುಲಭಕ್ಕೆ ಕೈಹಿಡಿಯುವುದಿಲ್ಲ. ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದು 2006ರ ಏಪ್ರಿಲ್ 10ರಂದು ಹೇಳಿತು. ಹೊರಗುತ್ತಿಗೆಯವರಿಗೆ ಇನ್ನೂ ಕಷ್ಟ. ಕಾಗದದ ಮೇಲೆ ಅವರ ಯಜಮಾನ ಇಲಾಖೆಯಲ್ಲ, ಏಜೆನ್ಸಿ. ಆದರೂ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದೀರ್ಘಕಾಲ ದುಡಿದವರ ವಿರುದ್ಧ ಉಮಾದೇವಿ ತೀರ್ಪನ್ನು ಆಯುಧ ಮಾಡಿಕೊಳ್ಳುವುದು ಸರಿಯಲ್ಲ ಎಂದಿತು. ಇದು ದೊಡ್ಡ ಆಸರೆ. ನೇಮಕ ಪತ್ರ, ಹಾಜರಿ, ಸಂಬಳ ಜಮೆಯಾದ ಪಾಸ್‌ಬುಕ್ ಜೋಪಾನವಾಗಿಡಿ. ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ. ಏಜೆನ್ಸಿ ಪಿಎಫ್ ಕಟ್ಟಿದೆಯೇ ಎಂದು ಮೊದಲು ನೋಡಿ. ಆ ಹಣ ನಿಮ್ಮದು.

ತೀರ್ಪಿಗಾಗಿ ಕಾಯುತ್ತ ಕೂರಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಲೆಕ್ಕಪತ್ರ, ಕಂಪ್ಯೂಟರ್ ಬಲ್ಲವರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಿ, ಕೋಲ್ಡ್ ಸ್ಟೋರೇಜ್‌ಗಳಲ್ಲಿ, ನಿಮ್ಮೂರಿನ ಬೀಜ ಕಂಪನಿಗಳಲ್ಲಿ ವಿಚಾರಿಸಬಹುದು. ಸ್ವಂತದ್ದೇನಾದರೂ ಮಾಡುವ ಮನಸ್ಸಿದ್ದರೆ, ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇದೆ. ಸಾಲ ಕೇಳಲು ಹೋದಾಗ ಅಲ್ಲಿನ ಪ್ರಮಾಣಪತ್ರ ನೆರವಿಗೆ ಬರುತ್ತದೆ.