ಕೃಷ್ಣೆಯ ಒರತೆ ನೋಡಿಬನ್ನಿ

ಪುಣೆಯಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಮಹಾಬಳೇಶ್ವರಕ್ಕೆ ಹೋಗದವರು ಬಹಳ ಮಂದಿ ಇರಲಿಕ್ಕಿಲ್ಲ. ಕುದುರೆ ಸವಾರಿ ಆಗಿದೆ, ವೆಣ್ಣಾ ಕೆರೆಯಲ್ಲಿ ದೋಣಿ ವಿಹಾರ ಆಗಿದೆ, ಸ್ಟ್ರಾಬೆರಿ ಕ್ರೀಮಂತೂ ಆಗಿಯೇ ಆಗಿದೆ. ಆದರೆ ಪೇಟೆಯಿಂದ ಆರೇಳು ಕಿಲೋಮೀಟರ್ ಆಚೆ, ಹಳೆಯ ಮಹಾಬಳೇಶ್ವರದ ಪಂಚಗಂಗಾ ಗುಡಿಯೊಳಗೆ ನಿಂತು ಅಲ್ಲಿನ ನೀರನ್ನು ನೋಡಿದವರು ಎಷ್ಟು ಜನ? ಮುಂದಿನ ಸಲ ಗುಂಪು ಕಟ್ಟುವಾಗ ಆ ನೀರಿಗಾಗಿಯೇ ಹೊರಡಿ.

ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ. ಈ ಐದೂ ನದಿಗಳ ಮೂಲ ಇದೇ ಎಂದು ನಂಬಿಕೆ. ಒಳಗೆ ಸಾಲಾಗಿ ಕಲ್ಲಿನ ಕಿಂಡಿಗಳಿವೆ. ನೀರೆಲ್ಲ ಒಂದಾಗಿ ಗೋಮುಖದಿಂದ ಕುಂಡಕ್ಕೆ ಬೀಳುತ್ತದೆ. ಇದೇ ಬೆಟ್ಟದ ಪಶ್ಚಿಮಕ್ಕೆ ಇಳಿದ ಸಾವಿತ್ರಿ ಕೊಂಕಣ ದಾಟಿ ಅರಬ್ಬೀ ಸಮುದ್ರ ಸೇರುತ್ತಾಳೆ. ಕೃಷ್ಣೆಗೋ ಆ ಸಮುದ್ರ 65 ಕಿಲೋಮೀಟರಿನಷ್ಟೇ ದೂರ. ಆದರೂ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟು, ಸುಮಾರು 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಸಾತಾರಾ ಬಳಿ ವೆಣ್ಣೆ, ಕರಾಡದಲ್ಲಿ ಕೊಯ್ನೆ ಬಂದು ಕೂಡುತ್ತಾರೆ. ಆಮೇಲೆ ಬೆಳಗಾವಿ ಜಿಲ್ಲೆ, ಜಮಖಂಡಿ ಸೀಮೆ, ಆಲಮಟ್ಟಿ, ಮಲಪ್ರಭೆ ಕೂಡುವ ಕೂಡಲಸಂಗಮ, ರಾಯಚೂರು. ನಿಮ್ಮಲ್ಲಿ ಅನೇಕರ ಅಜ್ಜಿಯ ಊರು ಈ ದಾರಿಯಲ್ಲೇ ಇದೆ ಅಲ್ಲವೇ?

ಮಳೆಗಾಲ ಮುಗಿದ ಮೇಲೂ ಗುಡ್ಡದ ತುದಿಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಅಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಮಳೆ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ತೂತು ತೂತಾಗಿ ಸ್ಪಂಜಿನ ಹಾಗೆ. ಅದರ ಕೆಳಗೆ ನೀರು ಬಿಡದ ಕರಿಕಲ್ಲು. ಕುಡಿದ ಮಳೆಯನ್ನು ಕೆಂಪು ಕಲ್ಲು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು, ಎರಡೂ ಕಲ್ಲುಗಳು ಸೇರುವಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಆ ಕೆಂಪು ನೆಲದ ಮೇಲೆ ಹೋಟೆಲು, ಬಂಗಲೆ ಎದ್ದಷ್ಟೂ ಒಳಗಿಳಿಯುವ ನೀರು ಕಡಿಮೆ. ಮಹಾಬಳೇಶ್ವರ-ಪಂಚಗಣಿಯನ್ನು 2001ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಸರ್ಕಾರ ಘೋಷಿಸಿತು. ಹೋದಾಗ ಕಟ್ಟಡಗಳನ್ನೂ ಒಮ್ಮೆ ಎಣಿಸಿ ನೋಡಿ!

ನೀವು ಇದಕ್ಕೆ ಮರಾಠಿಯಲ್ಲಿ ಝರಾ ಎನ್ನುತ್ತೀರಿ. ನಮ್ಮಲ್ಲಿ ಚಿಲುಮೆ, ಬುಗ್ಗೆ, ಒರತೆ ಎಂಬ ಮಾತುಗಳಿವೆ. ನನ್ನ ತವರು ಕೃಷ್ಣೆಯ ದಂಡೆಯ ಹಳ್ಳಿ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಉಸುಕಿನಲ್ಲಿ ಒರತೆ ತೋಡಿ, ನೀರು ತಿಳಿಯಾಗುವವರೆಗೂ ಕಾದು ಕೂತು, ತಂಬಿಗೆಯಿಂದ ಮೊಗೆದು ಕೊಡ ತುಂಬುತ್ತಿದ್ದೆವು. ಒಂದು ಕೊಡಕ್ಕೆ ಅರ್ಧ ತಾಸು. ಗೋಮುಖದ ಮುಂದೆ ನಿಂತಾಗ ನನಗೆ ದೇವರಿಗಿಂತ ಮೊದಲು ನೆನಪಾದದ್ದು ಆ ಕೊಡ.

ಇನ್ನು ಹೊರಡುವ ಮಾತು. ಅಕ್ಟೋಬರಿನಿಂದ ಡಿಸೆಂಬರ್ ಒಳ್ಳೆಯ ಕಾಲ. ಜೋರು ಮಳೆಯಲ್ಲಿ ಘಾಟಿನ ತುಂಬ ಮಂಜು, ಮೇ ತಿಂಗಳಲ್ಲಿ ಬರೀ ಜನ. ಶನಿವಾರ ಬೆಳಗಿನ ಐದಕ್ಕೇ ಪುಣೆ ಬಿಡಿ. ಖಂಬಾಟಕಿ ಘಾಟು ದಾಟಿ, ಸುರೂರಿನಲ್ಲಿ ಹೆದ್ದಾರಿ ಬಿಟ್ಟರೆ ವಾಯಿ. ಅಲ್ಲಿ ಕೃಷ್ಣೆಯ ಘಟ್ಟದ ಮೆಟ್ಟಿಲ ಮೇಲೆ ತಿಂಡಿ ಬಿಚ್ಚಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ಹೋಟೆಲಿನ ಗೊಡವೆಯೇ ಬೇಡ. (ಅಮ್ಮನಿಗೆ ಗುರುವಾರವೇ ಹೇಳಿಡಿ, ಶುಕ್ರವಾರ ರಾತ್ರಿ ಅಲ್ಲ.) ಆಮೇಲೆ ಪಸರಣಿ ಘಾಟು, ಪಂಚಗಣಿ, ಮಹಾಬಳೇಶ್ವರ, ಒಟ್ಟು ಸುಮಾರು 120 ಕಿಲೋಮೀಟರ್. ಘಾಟಿನಲ್ಲಿ ಓಡಿಸಿ ರೂಢಿಯಿದ್ದವರೇ ಸ್ಟಿಯರಿಂಗ್ ಹಿಡಿಯಲಿ. ಕಾರಿಲ್ಲದಿದ್ದರೆ ಸ್ವಾರಗೇಟಿನಿಂದ ಎಸ್.ಟಿ. ಬಸ್ಸುಗಳಿವೆ.

ಪಂಚಗಂಗೆಯಲ್ಲಿ ನೂಕುನುಗ್ಗಲು ಕಂಡು ಬೇಸರ ಪಡಬೇಡಿ. ಅಲ್ಲಿಂದ ನಡೆದೇ ಹೋಗಬಹುದಾದ ಕೃಷ್ಣಾಬಾಯಿ ಗುಡಿಯಿದೆ: ಕಪ್ಪು ಕಲ್ಲು, ಹಾವಸೆ, ಒಳಗೆ ಹರಿವ ನೀರಿನ ಸದ್ದು, ಎದುರಿಗೆ ಆಳವಾದ ಕೃಷ್ಣಾ ಕಣಿವೆ. ನನಗಂತೂ ಇದೇ ಹೆಚ್ಚು ಇಷ್ಟ. ಕಲ್ಲು ಜಾರುತ್ತದೆ, ಕಾಲು ಊರಿ ನಡೆಯಿರಿ. ಕುಡಿಯಲು ಮನೆಯ ನೀರೇ ಇರಲಿ. ನೂರಾರು ಕೈ ಅದ್ದಿದ ಕುಂಡದ ನೀರು ಹೊಟ್ಟೆಗೆ ಬೇಡ. ಶಾಂಪೂ ಚೀಟಿ, ಬಾಟಲಿ ಯಾವುದೂ ಅಲ್ಲಿ ಉಳಿಯದಿರಲಿ. ಇಲ್ಲಿ ಬಿಟ್ಟದ್ದು ಕೆಳಗೆ ನಮ್ಮವರ ಕೊಡಕ್ಕೇ ಹೋಗುತ್ತದೆ.

ಭಾನುವಾರ ಮಧ್ಯಾಹ್ನ ಎರಡರೊಳಗೆ ಘಾಟು ಇಳಿದುಬಿಡಿ, ತಡವಾದರೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಹೊರಡುವ ಮುಂಚೆ ಗುಡಿಯ ಹೊರಗೆ ನಿಂತು ಊರಿನ ಅಜ್ಜಿಗೊಂದು ಫೋನ್ ಮಾಡಿ, ಹೊಳೆಯಲ್ಲಿ ಈಗ ನೀರು ಎಷ್ಟಿದೆ ಎಂದು ಕನ್ನಡದಲ್ಲೇ ಕೇಳಿ.