ಮನೆಯ ಹಾಡು ಹೊರಗೆ ಹೊರಡಲು ಏಕೆ ತಡ?

೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಒಬ್ಬ ಗೃಹಸ್ಥರ ಮನೆಯಿಂದ ಹೊರಟ ಹಾಡು ಊರಿನ ಹಲವು ಮನೆಗಳನ್ನು ಮುಟ್ಟಬಹುದೆಂಬುದು ಅಂದಿನವರಿಗೆ ಬೆರಗಿನ ಸಂಗತಿ. ಇಂದು ಅದಕ್ಕೆ ದೊಡ್ಡ ಯಂತ್ರಗಳೂ ಬೇಡ, ಎತ್ತರದ ಕಂಬಗಳೂ ಬೇಡ. ಬಳಕೆಯಿಂದ ಬಿದ್ದ ಹಳೆಯ ಕಂಪ್ಯೂಟರನ್ನೋ, ಅಂಗೈಯಗಲದ ರಾಸ್‌ಬೆರಿ ಪೈ ಎಂಬ ಪುಟ್ಟ ಯಂತ್ರವನ್ನೋ ಮನೆಯ ಮೂಲೆಯಲ್ಲಿಟ್ಟು, ಅದಕ್ಕೆ ಹಾಡುಗಳ ಡಿಸ್ಕನ್ನು ಜೋಡಿಸಿ, ನ್ಯಾವಿಡ್ರೋಮ್ ಅಥವಾ ಜೆಲ್ಲಿಫಿನ್‌ನಂಥ ಉಚಿತ ತಂತ್ರಾಂಶವನ್ನು ಅಳವಡಿಸಿದರೆ ಮನೆಯ ಸಂಗೀತ ಸರ್ವರ್ ಸಿದ್ಧವಾಗುತ್ತದೆ. ಮನೆಯವರು ಎಲ್ಲಿದ್ದರೂ ತಮ್ಮ ಫೋನಿನಲ್ಲಿ ಆ ಹಾಡುಗಳನ್ನು ಕೇಳಬಹುದು, ಇಳಿಸಿಕೊಳ್ಳಲೂಬಹುದು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಇಂಥ ಪೆಟ್ಟಿಗೆಗೆ ವಿಶೇಷವಾದ ಬೆಲೆಯಿದೆ. ಮಲೆ ಮಹದೇಶ್ವರನ ಮಹಿಮೆಯನ್ನು ಕಂಸಾಳೆಯ ತಾಳಕ್ಕೆ ಹಾಡುವ ದೇವರಗುಡ್ಡರು, ಮಂಟೇಸ್ವಾಮಿ ಮತ್ತು ಸಿದ್ಧಪ್ಪಾಜಿಯವರ ಕಥೆಯನ್ನು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ನೀಲಗಾರರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನ—ಇವೆಲ್ಲ ಈ ನೆಲದ ಸಂಪತ್ತು. ಜಾತ್ರೆಯಲ್ಲಿ, ಹಬ್ಬದ ಮನೆಯಲ್ಲಿ ಯಾರೋ ಆಸಕ್ತರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಹಾಡು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಕ್ಯಾಸೆಟ್ಟಿನ ಟೇಪು ಕಾಲಕ್ರಮದಲ್ಲಿ ಸವೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಅದನ್ನು ಕಂಪ್ಯೂಟರಿಗೆ ಇಳಿಸಿದ ಮೇಲೂ ಒಂದೇ ಡಿಸ್ಕಿನಲ್ಲಿ ಒಂದೇ ಪ್ರತಿಯಿದ್ದರೆ ಭಯ ತಪ್ಪಿದ್ದಲ್ಲ. ಆದುದರಿಂದ ದೂರದಲ್ಲಿರುವ ಮಕ್ಕಳು ಅದನ್ನು ಬೇಗನೆ ಇಳಿಸಿಕೊಳ್ಳುವುದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಆ ದನಿ ಉಳಿಯುವ ಪ್ರಶ್ನೆ.

ಆದರೆ ಅಲ್ಲಿಯೇ ತೊಡಕು. ಕೊಳ್ಳೇಗಾಲದ ಇಂಥ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಗಳೂರಿನಲ್ಲಿರುವ ಮಗಳು ಹಾಡು ಕೇಳಿದರೆ ಅದು ಸರಾಗವಾಗಿ ಬರುತ್ತದೆ. ಅದನ್ನೇ ಇಳಿಸಿಕೊಳ್ಳಲು ಹೊರಟರೆ ಒಂದು ಗಂಟೆಯ ಹಾಡಿಗೆ ಮುಕ್ಕಾಲು ಗಂಟೆ ಕಾಯಬೇಕು. ಡಿಸ್ಕು ಹಳೆಯದೆಂದು ಒಬ್ಬರು, ಯಂತ್ರವೇ ಸರಿಯಿಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ಹೊಸ ಡಿಸ್ಕು ಬರುತ್ತದೆ, ಹೊಸ ಯಂತ್ರವೂ ಬರುತ್ತದೆ. ಕಾಯುವುದು ಮಾತ್ರ ತಪ್ಪುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ!

ಕೆರೆ ಮತ್ತು ತೂಬು

ಕೆರೆಯ ತುಂಬ ನೀರಿದ್ದರೂ ತೂಬು ಕಿರಿದಾಗಿದ್ದರೆ ಗದ್ದೆಗೆ ನೀರು ಸಣ್ಣಗೆ ಹರಿಯುತ್ತದೆ. ಡಿಸ್ಕಿನಿಂದ ಹೊರಟ ಹಾಡು ಸರ್ವರ್, ಮನೆಯ ತಂತಿ ಅಥವಾ ವೈಫೈ, ರೌಟರ್, ಬ್ರಾಡ್‌ಬ್ಯಾಂಡ್ ಲೈನು, ಅಂತರ್ಜಾಲದ ದೂರದ ಹಾದಿ, ಕೊನೆಗೆ ಕೇಳುವವರ ಫೋನು—ಇಷ್ಟು ಘಟ್ಟಗಳನ್ನು ದಾಟಬೇಕು. ಒಟ್ಟು ವೇಗವನ್ನು ನಿರ್ಧರಿಸುವುದು ಇವುಗಳಲ್ಲಿ ಅತಿ ಕಿರಿದಾದ ಘಟ್ಟ. ಅದನ್ನು ಕಂಡುಹಿಡಿಯದೆ ಉಳಿದುದನ್ನು ಎಷ್ಟು ಅಗಲ ಮಾಡಿದರೂ ಫಲವಿಲ್ಲ.

ಹುಡುಕುವ ಮೊದಲು ಲೆಕ್ಕವೊಂದನ್ನು ತಿಳಿದಿರಬೇಕು. ಬ್ರಾಡ್‌ಬ್ಯಾಂಡಿನ ವೇಗವನ್ನು ಬಿಟ್ಟುಗಳಲ್ಲಿ ಹೇಳುತ್ತಾರೆ. ಕಡತದ ಗಾತ್ರವನ್ನು ಬೈಟುಗಳಲ್ಲಿ ಹೇಳುತ್ತಾರೆ. ೮ ಬಿಟ್ಟುಗಳಿಗೆ ಒಂದು ಬೈಟು. ಸೆಕೆಂಡಿಗೆ ೧೦೦ ಮೆಗಾಬಿಟ್ಟಿನ ಲೈನಿನಲ್ಲಿ ಹೆಚ್ಚೆಂದರೆ ೧೨.೫ ಮೆಗಾಬೈಟು ಹರಿಯುತ್ತದೆ. ಪರದೆಯ ಮೇಲೆ ಹನ್ನೊಂದು, ಹನ್ನೆರಡು ಎಂದು ಕಂಡರೆ ಯಾರೂ ಮೋಸ ಮಾಡಿಲ್ಲ.

ಮೊದಲ ಪರೀಕ್ಷೆ ಮನೆಯೊಳಗೆ

ಪರೀಕ್ಷೆಯನ್ನು ಒಳಗಿನಿಂದ ಹೊರಕ್ಕೆ ನಡೆಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮನೆಯ ಮತ್ತೊಂದು ಕಂಪ್ಯೂಟರನ್ನು ತಂತಿಯ ಮೂಲಕ ರೌಟರಿಗೆ ಜೋಡಿಸಿ, ಸರ್ವರಿನಿಂದ ದೊಡ್ಡ ಕಡತವೊಂದನ್ನು ಇಳಿಸಿಕೊಂಡು ವೇಗವನ್ನು ಬರೆದಿಡಬೇಕು. ವೇಗ ಸರಿಯಾಗಿ ೧೧ ಮೆಗಾಬೈಟಿನ ಆಸುಪಾಸಿನಲ್ಲಿ ನಿಂತುಬಿಟ್ಟರೆ ತಂತಿಯನ್ನು ಶಂಕಿಸಬಹುದು. ಆ ತಂತಿಯೊಳಗೆ ಎಂಟು ಎಳೆಗಳಿವೆ. ಸೆಕೆಂಡಿಗೆ ೧,೦೦೦ ಮೆಗಾಬಿಟ್ಟಿನ ವೇಗಕ್ಕೆ ಎಂಟೂ ಬೇಕು. ೧೦೦ಕ್ಕೆ ನಾಲ್ಕು ಸಾಕು. ಇಲಿ ಕಡಿದೋ, ತುದಿ ಸಡಿಲವಾಗಿಯೋ ಒಂದು ಎಳೆ ಕೆಟ್ಟರೆ ಯಂತ್ರಗಳು ದೂರು ಹೇಳದೆ ಕಡಿಮೆಯ ವೇಗಕ್ಕೆ ಇಳಿದುಬಿಡುತ್ತವೆ. ರೌಟರೇ ೧೦೦ರದ್ದಾಗಿದ್ದರೂ ಇದೇ ಲಕ್ಷಣ.

ತಂತಿಯಲ್ಲಿ ವೇಗವಿದ್ದು ವೈಫೈಯಲ್ಲಿ ಇಲ್ಲವಾದರೆ ದೋಷ ಗಾಳಿಯ ಹಾದಿಯದು. ೨.೪ ಗಿಗಾಹರ್ಟ್ಸಿನ ಅಲೆ ಗೋಡೆಗಳನ್ನು ದಾಟಿ ದೂರ ಹೋಗುತ್ತದೆ. ಆದರೆ ಅಕ್ಕಪಕ್ಕದ ಮನೆಗಳ ವೈಫೈಗಳೂ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅಲ್ಲಿಯೇ ಗದ್ದಲ ಮಾಡುತ್ತವೆ. ೫ ಗಿಗಾಹರ್ಟ್ಸಿನ ಅಲೆ ವೇಗದ್ದು. ಆದರೆ ದಪ್ಪ ಗೋಡೆಗಳ ಮುಂದೆ ಸೋಲುತ್ತದೆ. ಹಳೆಯ ತೊಟ್ಟಿಮನೆಯ ಒಳಕೋಣೆಯಲ್ಲಿ ಸರ್ವರನ್ನಿಟ್ಟು ವೈಫೈಯನ್ನು ನಂಬುವುದು ಜಾಣತನವಲ್ಲ. ಕೇಳುವ ಫೋನು ವೈಫೈಯಲ್ಲಿರಲಿ. ಸರ್ವರು ಮಾತ್ರ ತಂತಿಯಲ್ಲಿಯೇ ಇರಲಿ.

ಸರ್ವರಿನದೇ ದೋಷವಾಗುವ ಸಂದರ್ಭವೂ ಉಂಟು. ಮೂಲ ಕಡತವನ್ನು ಹಾಗೆಯೇ ಕೊಡುವ ಬದಲು ಅದನ್ನು ಆಗಿಂದಾಗಲೇ ಚಿಕ್ಕದು ಮಾಡಿ ಕೊಡುವಂತೆ ಏರ್ಪಾಡಾಗಿದ್ದರೆ, ದುರ್ಬಲವಾದ ಯಂತ್ರ ಏದುಸಿರು ಬಿಡುತ್ತದೆ. ಪರೀಕ್ಷೆಯ ಹೊತ್ತಿಗೆ ಆ ಏರ್ಪಾಡನ್ನು ನಿಲ್ಲಿಸಿ ನೋಡಬೇಕು.

ತೂಬು ಇರುವುದೆಲ್ಲಿ?

ಮನೆಯೊಳಗೆ ಎಲ್ಲವೂ ಸರಿಯಿದ್ದರೆ ಹೊಸ್ತಿಲಾಚೆಗೆ ನೋಡಬೇಕು. ಬಹುಮಟ್ಟಿಗೆ ತೂಬು ಸಿಗುವುದು ಇಲ್ಲಿಯೇ. ಪಡೆಯುವವರ ಪಾಲಿಗೆ ಡೌನ್‌ಲೋಡ್ ಆದದ್ದು ಕಳುಹಿಸುವ ಮನೆಯ ಪಾಲಿಗೆ ಅಪ್‌ಲೋಡ್. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಒಳಬರುವ ವೇಗ. ಸರ್ವರಿಗೆ ಬೇಕಾದುದು ಹೊರಹೋಗುವ ವೇಗ. ಟೆಲಿಫೋನಿನ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಹೊರಹೋಗುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ೧ ಮೆಗಾಬಿಟ್ಟಿನ ಸುತ್ತಮುತ್ತ.

ಸಿ.ಡಿ. ಗುಣಮಟ್ಟದ ಒಂದು ಗಂಟೆಯ ಸಂಗೀತ ಸುಮಾರು ೬೩೫ ಮೆಗಾಬೈಟು. ಫ್ಲ್ಯಾಕ್ ರೂಪಕ್ಕೆ ತಂದರೆ, ಸ್ವರ ಕಿಂಚಿತ್ತೂ ಕೆಡದೆ, ಅದು ಸುಮಾರು ೩೬೦ಕ್ಕೆ ಇಳಿಯಬಹುದು. ಇದನ್ನು ಕೇಳುತ್ತ ಕುಳಿತರೆ ಸೆಕೆಂಡಿಗೆ ೦.೮ ಮೆಗಾಬಿಟ್ಟು ಸಾಕು. ೧ ಮೆಗಾಬಿಟ್ಟಿನ ಹಾದಿಯಲ್ಲಿ ಹಾಡು ತಡೆಯಿಲ್ಲದೆ ಬರುತ್ತದೆ. ಅದನ್ನೇ ಪೂರ್ತಿಯಾಗಿ ಇಳಿಸಿಕೊಳ್ಳಲು ೪೮ ನಿಮಿಷ ಬೇಕು. ಬೆಂಗಳೂರಿನ ಮಗಳ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಹೊರಹೋಗುವ ವೇಗ ೧೦ ಆದರೆ ಐದು ನಿಮಿಷಕ್ಕೂ ಕಡಿಮೆ; ೧೦೦ ಆದರೆ ಅರ್ಧ ನಿಮಿಷ.

ಬಾನುಲಿಗೂ ಮನೆಯ ಸರ್ವರಿಗೂ ಇರುವ ಭೇದವನ್ನೂ ಇಲ್ಲಿ ನೆನೆಯಬೇಕು. ಬಾನುಲಿಯ ಅಲೆಯನ್ನು ಹತ್ತು ಜನ ಕೇಳಲಿ, ಹತ್ತು ಸಾವಿರ ಜನ ಕೇಳಲಿ, ಕೇಂದ್ರಕ್ಕೆ ಹೊರೆ ಒಂದೇ. ಸರ್ವರಾದರೋ ಕೇಳಿದವರಿಗೆಲ್ಲ ಬೇರೆ ಬೇರೆ ಎಲೆ ಹಾಕಿ ಬಡಿಸಬೇಕು. ಮಗಳೂ ಮಗನೂ ಒಟ್ಟಿಗೆ ಕೇಳತೊಡಗಿದರೆ ೧ ಮೆಗಾಬಿಟ್ಟು ಇಬ್ಬರಿಗೂ ಸಾಲದು. ಹಾಡು ತಡೆತಡೆದು ಬರುತ್ತದೆ. ಮನೆಯ ಫೋನುಗಳು ಮದುವೆಯ ಚಿತ್ರಗಳನ್ನು ಅದೇ ಹೊತ್ತಿನಲ್ಲಿ ಹೊರಗಿನ ಸಂಗ್ರಹಕ್ಕೆ ಕಳುಹಿಸುತ್ತಿದ್ದರೂ ಇದೇ ಗತಿ. ಅಂಥ ಕೆಲಸವನ್ನು ನಡುರಾತ್ರಿಗೆ ನಿಗದಿಮಾಡುವುದು ಒಳ್ಳೆಯದು. ಆಪ್ಟಿಕಲ್ ಫೈಬರಿನ ಲೈನು ದೊರೆಯುವ ಕಡೆ ಅದನ್ನು ಪಡೆಯುವುದೇ ನಿಜವಾದ ಪರಿಹಾರ. ಆದರೆ ಹಣ ಕಟ್ಟುವ ಮೊದಲು ಹೊರಹೋಗುವ ವೇಗವೆಷ್ಟೆಂದು ಕೇಳಿಯೇ ಕಟ್ಟಬೇಕು.

ದೂರದ ಹಾದಿ

ಹೊರಹೋಗುವ ವೇಗ ಚೆನ್ನಾಗಿದ್ದೂ ತಡವಾಗುವುದುಂಟು. ಕೆಲವು ಬ್ರಾಡ್‌ಬ್ಯಾಂಡ್ ಕಂಪನಿಗಳು ಹಲವು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಆಗ ಹೊರಗಿನವರು ಮನೆಯ ಸರ್ವರನ್ನು ನೇರವಾಗಿ ಮುಟ್ಟಲಾರರು. ಹಾಡು ಮಧ್ಯವರ್ತಿ ಯಂತ್ರವೊಂದರ ಮೂಲಕ, ಕೆಲವೊಮ್ಮೆ ಬೇರೆ ದೇಶವನ್ನು ಸುತ್ತಿಕೊಂಡು ಬರುತ್ತದೆ. ಪ್ರತ್ಯೇಕ ವಿಳಾಸವನ್ನು ಕೇಳಿ ಪಡೆಯುವುದು, ಇಲ್ಲವೇ ಐ.ಪಿ. ಆರನೆಯ ಆವೃತ್ತಿಯ ವಿಳಾಸವನ್ನು ಬಳಸುವುದು ಇದಕ್ಕೆ ಉಪಾಯ. ಆದರೆ ನೇರವಾದ ಬಾಗಿಲನ್ನು ತೆರೆದಾಗ ಬಲವಾದ ಗುಪ್ತಪದದ ಬೀಗವೂ ಇರಬೇಕು.

ಅಮೆರಿಕದಲ್ಲಿರುವ ಮಗನ ಪಾಲಿಗೆ ದೂರವೇ ಒಂದು ಅಡ್ಡಿ. ಕಂಪ್ಯೂಟರು ಸ್ವಲ್ಪ ಕಳುಹಿಸಿ, ಮುಟ್ಟಿತೆಂಬ ಉತ್ತರಕ್ಕೆ ಕಾದು, ಮತ್ತೆ ಕಳುಹಿಸುತ್ತದೆ. ಒಂದು ಸಲಕ್ಕೆ ೬೪ ಕಿಲೋಬೈಟು ಹೋಗಿ, ಉತ್ತರ ಬರಲು ಕಾಲು ಸೆಕೆಂಡು ಹಿಡಿದರೆ, ಹಾದಿ ಎಷ್ಟೇ ಅಗಲವಿದ್ದರೂ ವೇಗ ಸೆಕೆಂಡಿಗೆ ೨೫೬ ಕಿಲೋಬೈಟನ್ನು ಮೀರದು. ಇಂದಿನ ಯಂತ್ರಗಳು ಕಳುಹಿಸುವ ಕಂತನ್ನು ತಾವಾಗಿಯೇ ಹಿಗ್ಗಿಸಿಕೊಳ್ಳುತ್ತವೆ. ಆದರೂ ನಡುದಾರಿಯಲ್ಲಿ ಕೊಂಚ ಕಳೆದುಹೋದರೆ ಅದು ಮತ್ತೆ ಕುಗ್ಗುತ್ತದೆ. ನಾಲ್ಕಾರು ಕಡತಗಳನ್ನು ಜೊತೆಯಾಗಿ ಇಳಿಸಿಕೊಂಡರೆ ಈ ಕಾಯುವಿಕೆ ಬಹಳಷ್ಟು ತಗ್ಗುತ್ತದೆ.

ಇನ್ನು ಹನೂರಿನಾಚೆಯ ಕಾಡಂಚಿನ ಊರಿನಲ್ಲೋ, ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲೋ ಕುಳಿತು ಕೇಳುವವರಿಗೆ ಫೋನಿನ ಸಂಕೇತವೇ ಕ್ಷೀಣವಾಗಿದ್ದರೆ ತೂಬು ಅವರ ಕಡೆಯದು. ಅಂಥವರಿಗೆ ಚಿಕ್ಕ ಪ್ರತಿಯನ್ನು ಕೊಡುವುದು ಲೇಸು. ಸೆಕೆಂಡಿಗೆ ೧೨೮ ಕಿಲೋಬಿಟ್ಟಿನ ಎಂಪಿ ತ್ರೀ ರೂಪದಲ್ಲಿ ಒಂದು ಗಂಟೆಯ ಹಾಡು ೫೮ ಮೆಗಾಬೈಟಿನೊಳಗೆ ಮುಗಿಯುತ್ತದೆ. ಮೂಲ ಪ್ರತಿ ಮನೆಯಲ್ಲಿ ಭದ್ರವಾಗಿರಲಿ.

ಬಸ್ಸಿಗೂ ಒಂದು ಕೆಲಸ

ತುಂಬಿದ ಭಂಡಾರವನ್ನೇ ಮೊದಲ ಬಾರಿಗೆ ಸಾಗಿಸುವಾಗ ಮಾತ್ರ ಅಂತರ್ಜಾಲದ ಹಟ ಬೇಡ. ೫೦೦ ಗಿಗಾಬೈಟಿನ ಸಂಗ್ರಹ ೧೦ ಮೆಗಾಬಿಟ್ಟಿನ ಹಾದಿಯಲ್ಲಿ ಹಗಲಿರುಳು ಹರಿದರೂ ನಾಲ್ಕೂವರೆ ದಿನ ಬೇಕು. ಅದೇ ಸಂಗ್ರಹವನ್ನು ಮತ್ತೊಂದು ಡಿಸ್ಕಿಗೆ ನಕಲು ಮಾಡಿ ಕೈಚೀಲದಲ್ಲಿಟ್ಟುಕೊಂಡರೆ, ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದವರು ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಗಳೂರಿನಲ್ಲಿ ಮಗಳ ಕೈಗೆ ಒಪ್ಪಿಸಬಹುದು. ಆಮೇಲೆ ಹೊಸದಾಗಿ ಸೇರಿದ ಹಾಡುಗಳಷ್ಟೇ ಅಂತರ್ಜಾಲದಲ್ಲಿ ಹೋಗಲಿ. ಹೀಗೆ ಎರಡು ಊರುಗಳಲ್ಲಿ ಎರಡು ಪ್ರತಿಗಳು ನೆಲೆಯಾದರೆ, ಒಂದು ಡಿಸ್ಕು ಕೆಟ್ಟ ದಿನ ನೀಲಗಾರರ ಆ ರಾತ್ರಿಯ ಹಾಡು ಅದರೊಡನೆ ಮೌನವಾಗುವುದಿಲ್ಲ.