ತೊಟ್ಟು ಬಿಡುವ ಹೊತ್ತು

ಏಪ್ರಿಲ್ ತಿಂಗಳ ಬೆಳಗಿನ ಐದೂವರೆ. ಕತ್ತಲು ಹರಿಯುವ ಮೊದಲೇ ಹೊಲದ ಬದುವಿನಲ್ಲಿ ಕರಬೂಜದ ವಾಸನೆ ಬಂದು ಮೂಗಿಗೆ ಬಡಿಯುತ್ತದೆ. ಬಳ್ಳಿಗಳ ನಡುವೆ ಬಗ್ಗಿ ನಡೆಯುತ್ತಿರುವ ಹೆಂಗಸು ಒಂದೊಂದು ಹಣ್ಣಿನ ಬಳಿಯೂ ನಿಂತು, ತೊಟ್ಟಿನ ಬುಡಕ್ಕೆ ಹೆಬ್ಬೆರಳು ಕೊಟ್ಟು ಮೆಲ್ಲಗೆ ಒತ್ತುತ್ತಾರೆ. ಕೂದಲೆಳೆಯಂಥ ಬಿರುಕು ತೊಟ್ಟನ್ನು ಸುತ್ತಿಬಂದಿದ್ದರೆ ಹಣ್ಣು ತಾನಾಗಿ ಕೈಗೆ ಬರುತ್ತದೆ. ತೊಟ್ಟಿದ್ದ ಜಾಗದಲ್ಲಿ ನುಣುಪಾದ ಪುಟ್ಟ ಬಟ್ಟಲು ಉಳಿಯುತ್ತದೆ. ಬರದಿದ್ದರೆ ಅಲ್ಲೇ ಬಿಡುತ್ತಾರೆ. “ನಾಳೆ ತಾನೇ ಬರ್ತದೆ, ಎಳೀಬಾರ್ದು.”

ಋಗ್ವೇದದ ಏಳನೇ ಮಂಡಲದ ಮೃತ್ಯುಂಜಯ ಮಂತ್ರದಲ್ಲಿ ಸಾವಿನಿಂದ ಬಿಡುಗಡೆಗೆ ಹೋಲಿಕೆಯಾಗಿ ಬರುವುದು ತೊಟ್ಟು ಕಳಚಿಕೊಳ್ಳುವ ಉರ್ವಾರುಕ. ಅದು ಸೌತೆಯೋ ಕರಬೂಜವೋ, ಪಂಡಿತರು ಎಳೆದಾಡಲಿ. ಆ ಉಪಮೆ ಹೊಳೆದವನು ಇಂಥದೊಂದು ಬೆಳಗಿನಲ್ಲಿ ಹೊಲಕ್ಕೆ ಹೋಗಿದ್ದವನೇ ಸರಿ.

ಏಳು ಗಂಟೆಗೆ ಲಾರಿ ಬರುತ್ತದೆ, ಲೆಕ್ಕ ಬದಲಾಗುತ್ತದೆ. “ಗಟ್ಟಿ ಇರೋದು ಹಾಕಮ್ಮಾ, ಎರಡು ದಿನದ ದಾರಿ,” ಎನ್ನುತ್ತಾನೆ ವ್ಯಾಪಾರಿ. ಈಗ ಚಾಕು ಹೊರಬರುತ್ತದೆ. ಹೆಬ್ಬೆರಳು ಬೇಡವೆಂದು ಬಿಟ್ಟ ಹಣ್ಣುಗಳು ಎರಡಂಗುಲ ತೊಟ್ಟಿನ ಸಮೇತ ಬುಟ್ಟಿ ಸೇರುತ್ತವೆ. ಘಮಘಮಿಸುತ್ತಿದ್ದವನ್ನು ಸಂಜೆಯ ಸಂತೆಗೆಂದು ಪಕ್ಕಕ್ಕೆ ಇಡುತ್ತಾರೆ.

ಮಾವು, ಬಾಳೆಯಾದರೆ ಹೀಗೆ ಕಿತ್ತರೂ ತೊಂದರೆ ಇಲ್ಲ. ಅವು ಹಿಟ್ಟಿನ ಗಂಟು ಕಟ್ಟಿಕೊಂಡೇ ಮರ ಬಿಡುತ್ತವೆ. ಹುಲ್ಲಿನ ಹಾಸಿಗೆಯಲ್ಲಿ ಮಲಗಿ ಆ ಹಿಟ್ಟನ್ನೇ ಸಕ್ಕರೆ ಮಾಡಿಕೊಳ್ಳುತ್ತವೆ. ಕರಬೂಜಕ್ಕೆ ಅಂಥ ಗಂಟಿಲ್ಲ. ಎಲೆ ಅಡುಗೆ ಮಾಡಿ ಬಡಿಸಿದ್ದಷ್ಟೇ ಅದಕ್ಕೆ ಗತಿ, ಆ ಬಡಿಸಾಟ ಜೋರಾಗುವುದು ಕೊನೆಯ ದಿನಗಳಲ್ಲಿ. ಚಾಕು ಬಿದ್ದ ಕ್ಷಣಕ್ಕೆ ಸಿಹಿ ಅಲ್ಲಿಗೇ ನಿಂತಿತು. ಆಮೇಲೆ ಹಣ್ಣು ಮೆತ್ತಗಾಗಬಹುದು, ಹಳದಿಗೆ ತಿರುಗಬಹುದು, ಒಂದಿಷ್ಟು ವಾಸನೆಯನ್ನೂ ಬೀರಬಹುದು. ಒಂದು ಚಮಚ ಸಕ್ಕರೆಯೂ ಹೆಚ್ಚುವುದಿಲ್ಲ.

ವಾಸನೆ, ಮೆತ್ತಗಾಗುವುದು, ತೊಟ್ಟು ಕಳಚುವುದು ಮೂರನ್ನೂ ಆಡಿಸುವುದು ಹಣ್ಣು ತಾನೇ ಹೊರಬಿಡುವ ಎಥಿಲಿನ್ ಎಂಬ ಅನಿಲ. 1996ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಶಾರಾಂತೆ ಎಂಬ ತಮ್ಮ ಅಚ್ಚುಮೆಚ್ಚಿನ ಕರಬೂಜದಲ್ಲಿ ಆ ಅನಿಲದ ಬಾಯಿ ಕಟ್ಟಿ ನೋಡಿದರು. ತೊಟ್ಟು ಬಿಡಲಿಲ್ಲ, ಸಿಪ್ಪೆ ಹಳದಿಯಾಗಲಿಲ್ಲ, ದಿನಗಟ್ಟಲೆ ಗಟ್ಟಿಯಾಗಿಯೇ ಉಳಿಯಿತು. ತಿರುಳಿನ ಬಣ್ಣಕ್ಕೂ ಸಕ್ಕರೆಗೂ ಕೊರತೆಯಾಗಲಿಲ್ಲ. ಹೋದದ್ದು ಘಮ. ಬಾಳಿಕೆ ಬೇಕೆಂದರೆ ಕೊಡಬೇಕಾದ ಬೆಲೆ ಅದು. ನಾನಂತೂ ಕೊಡಲಾರೆ.

ಎರಡು ದಿನ ಕಳೆದು ಅದೇ ಲಾರಿಯ ಹಣ್ಣು ನಗರದ ಮಂಡಿಯಲ್ಲಿ ಹುಲ್ಲಿನ ಮೇಲೆ ರಾಶಿ ಬಿದ್ದಿದೆ. ದಾರಿಯುದ್ದಕ್ಕೂ ತಳದಲ್ಲಿದ್ದವು ಮೇಲಿನ ಭಾರ ಹೊತ್ತಿವೆ. ಹೊರಗಿನಿಂದ ಏನೂ ಕಾಣದು. ಕುಯ್ದರೆ ಬೀಜದ ಸುತ್ತ ನೀರು ನೀರು, ಹೆಂಡದ ವಾಸನೆ. ಕೆಲವದರ ತೊಟ್ಟಿನ ಗಾಯದಲ್ಲಿ ಬಿಳಿ ಬೂಷ್ಟು ಮನೆ ಮಾಡಿದೆ. ಎಲೆಯ ಮರೆ ಇಲ್ಲದೆ ಬೆಳೆದದ್ದರ ಬೆನ್ನಿಗೆ ಬಿಸಿಲು ಸುಟ್ಟ ಮಚ್ಚೆ. ಕೊಯ್ಲಿನ ಹಿಂದಿನ ದಿನ ಮಳೆ ಬಿದ್ದಿದ್ದರೆ ಸಿಪ್ಪೆ ಒಡೆದು, ತಿರುಳು ಸಪ್ಪೆ.

ಅದೇ ಮಂಡಿಯ ಉಗ್ರಾಣದ ಮೂಲೆಯಲ್ಲಿ ಕಲ್ಲಂಗಡಿಯೂ ಇದೆ. ಕರಬೂಜ ಬಿಡುವ ಉಸಿರು ಅದಕ್ಕೆ ಆಗಿಬರದು. ಒಂದೇ ಕೋಣೆಯಲ್ಲಿ ಕೆಲದಿನ ಕೂಡಿಟ್ಟರೆ ಕೆಂಪು ತಿರುಳು ನೆನೆದ ಅವಲಕ್ಕಿಯಂತೆ ಹಿಸುಕಿಹೋಗುತ್ತದೆ. ಚಳಿಯೂ ಅದಕ್ಕೆ ಶತ್ರು. 10 ಡಿಗ್ರಿಗಿಂತ ಕೆಳಗೆ ವಾರಗಟ್ಟಲೆ ಇಟ್ಟರೆ ಸಿಪ್ಪೆಯಲ್ಲಿ ಕುಳಿ ಬಿದ್ದು ಬಣ್ಣ ಮಾಸುತ್ತದೆ.

ಕರಬೂಜದ ಕುಲವೇ ವಿಚಿತ್ರ. ಹಣ್ಣಾದೊಡನೆ ತಾನೇ ಬಿರಿದು ಬಾಯಿ ಬಿಡುವ ಇಬ್ಬುಡ್ಲ ಇದರ ಒಡಹುಟ್ಟು. ಹಿಟ್ಟು ಹಿಟ್ಟಾದ ಅದರ ತಿರುಳಿಗೆ ಬೆಲ್ಲ, ತೆಂಗಿನ ಹಾಲು ಬೆರೆಸಿ ಅಂದೇ ಮುಗಿಸಬೇಕು. ಯಾವ ಲಾರಿಯೂ ಅದನ್ನು ಹತ್ತಿಸಿಕೊಳ್ಳದು. ಮಂಗಳೂರು ಸೌತೆಯೂ ಅದೇ ಜಾತಿ. ಅಜ್ಜಿಯ ಮನೆಯ ಮಾಡಿನ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ಇಳಿಬಿಟ್ಟಿರುತ್ತಿದ್ದರು, ಹಸುರು ಪಟ್ಟೆಯ ಹಳದಿ ಕಾಯಿಗಳು. ಬೇಸಿಗೆಯಲ್ಲಿ ಕಟ್ಟಿದ್ದು ಆಟಿ ತಿಂಗಳ ಜಡಿಮಳೆಯಲ್ಲಿ ಹುಳಿಗೆ ಇಳಿಯುತ್ತಿತ್ತು, ಅಷ್ಟು ದಿನವೂ ಕೊಳೆಯದೆ. ಅಡಿಯಲ್ಲಿ ಎಷ್ಟು ಸಲ ನಿಂತಿದ್ದೇನೋ, ಒಂದು ದಿನವೂ ಘಮ ಬಂದ ನೆನಪಿಲ್ಲ.

ರಾಮನವಮಿಯ ಪಾನಕಕ್ಕೆಂದು ಗಾಡಿಯ ಮುಂದೆ ನಿಂತವರು ಹಣ್ಣನ್ನು ಬಡಿದು ಸದ್ದು ಕೇಳುತ್ತಾರೆ. ಅದು ಕಲ್ಲಂಗಡಿಯ ಪರೀಕ್ಷೆ, ಇಲ್ಲಿ ನಡೆಯದು. ಬಲೆ ಬಲೆಯ ಸಿಪ್ಪೆಯ ಕರಬೂಜವಾದರೆ ತಿರುಗಿಸಿ ತೊಟ್ಟಿನ ಜಾಗ ನೋಡಿ. ನುಣುಪಾದ ಬಟ್ಟಲಿದ್ದರೆ ಮನೆಗೆ ತನ್ನಿ, ಸಿಪ್ಪೆಯ ಸಂದಿನ ಮಣ್ಣು ಹೋಗುವಂತೆ ಉಜ್ಜಿ ತೊಳೆದು ಅಂದೇ ಕುಯ್ಯಿರಿ. ಚಾಕುವಿನ ಗುರುತಿದ್ದರೆ ಮುಂದಿನ ಗಾಡಿಗೆ ಹೋಗಿ.